ಕಂಪ್ಯೂಟರ್ ಮುಂದೆ ಕಣ್ಣುರಿಯೇ? ಡ್ರಾಪ್ಸ್, ಕನ್ನಡಕಕ್ಕೆ ದುಡ್ಡು ಹಾಕುವ ಮೊದಲು ಇಷ್ಟು ಮಾಡಿ

"ಸಂಜೆ ನಾಲ್ಕಾದರೆ ಕಣ್ಣುರಿ ಶುರು, ಅಕ್ಷರ ಮಂಜು. ಬ್ಲೂ ಕಟ್ ಕನ್ನಡಕ ತಗೊಳ್ಳಲಾ? ಯಾವ ಡ್ರಾಪ್ಸ್ ಒಳ್ಳೇದು?" ಮಾತು ಬೇರೆ ಬೇರೆಯಾದರೂ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದೇ. ಐಟಿಯವರು, ಬ್ಯಾಂಕಿನವರು, ಡಿಟಿಪಿ ಮಾಡುವವರು, ಪಂಚಾಯಿತಿ ಕಚೇರಿಯಲ್ಲಿ ಡೇಟಾ ಎಂಟ್ರಿಗೆ ಕೂತವರು, ಎಲ್ಲರದೂ ಒಂದೇ ಪಾಡು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೊದಲು ಮೇಜು ಸರಿಪಡಿಸಿ, ಆಮೇಲೆ ರೆಪ್ಪೆಯ ಕಡೆ ಗಮನ ಕೊಡಿ, ಆಮೇಲೆ ಡ್ರಾಪ್ಸ್, ಕೊನೆಗೆ ಕನ್ನಡಕ. ಈ ಕ್ರಮ ತಲೆಕೆಳಗಾದಾಗಲೇ ದುಡ್ಡು ಹೋಗುತ್ತದೆ, ಉರಿ ಉಳಿಯುತ್ತದೆ. ನಲವತ್ತು ದಾಟಿದವರಿಗೆ ಮಾತ್ರ ಒಂದು ರಿಯಾಯಿತಿ: ನೀವು ಕನ್ನಡಕದ ಹಂತವನ್ನು ಮೊದಲೇ ಓದಿಕೊಂಡರೂ ತಪ್ಪಿಲ್ಲ.

ವೈದ್ಯರು ಇದನ್ನು ಕಂಪ್ಯೂಟರ್ ವಿಷನ್ ಸಿಂಡ್ರೋಮ್ ಅಥವಾ ಡಿಜಿಟಲ್ ಐ ಸ್ಟ್ರೈನ್ ಎನ್ನುತ್ತಾರೆ. ಸಿಂಡ್ರೋಮ್ ಅಂದರೆ ಒಟ್ಟೊಟ್ಟಿಗೆ ಕಾಣಿಸಿಕೊಳ್ಳುವ ಹಲವು ತೊಂದರೆಗಳ ಗುಂಪು. ಕಣ್ಣುರಿ, ಮರಳು ಬಿದ್ದಂತೆ ಚುಚ್ಚುವುದು, ನೀರು ಸುರಿಯುವುದು, ಮಂಜು, ಹಣೆಯ ನೋವು, ಕುತ್ತಿಗೆ ಹಿಡಿತ ಎಲ್ಲ ಇದರೊಳಗೆ ಬರುತ್ತವೆ. ಪರದೆಯ ಬೆಳಕಿನಿಂದ ಕಣ್ಣು ಕುರುಡಾಗುವುದಿಲ್ಲ, ಆ ಭಯ ಬೇಡ.

ಕಾಯಬಾರದ ಲಕ್ಷಣಗಳು

ಕೆಳಗಿನವು ಇದ್ದರೆ ಈ ಲೇಖನ ಇಲ್ಲಿಗೇ ಬಿಟ್ಟು ಅಂದೇ ಕಣ್ಣಾಸ್ಪತ್ರೆಗೆ ಹೋಗಿ:

- ಒಂದು ಕಣ್ಣಿನಲ್ಲಿ ಇದ್ದಕ್ಕಿದ್ದಂತೆ ದೃಷ್ಟಿ ಕಡಿಮೆಯಾಗುವುದು, ಅಥವಾ ಪರದೆ ಇಳಿಬಿಟ್ಟಂತೆ ಒಂದು ಬದಿ ಕಪ್ಪಾಗುವುದು
- ಮಿಂಚು ಹೊಡೆದಂತಾಗಿ, ಕಪ್ಪು ಚುಕ್ಕೆಗಳ ಮಳೆಯೇ ಕಾಣುವುದು
- ಜೋರು ಕಣ್ಣುನೋವು, ಕೆಂಪು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು
- ಹೊಸದಾಗಿ ಎರಡೆರಡು ಕಾಣುವುದು
- ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ನೋವು, ಕೆಂಪು, ಬೆಳಕು ನೋಡಲಾಗದಿರುವುದು

ಇವು ಕಂಪ್ಯೂಟರ್ ಆಯಾಸದ ಲಕ್ಷಣಗಳಲ್ಲ. "ಜಾಸ್ತಿ ಸ್ಕ್ರೀನ್ ನೋಡಿದ್ದಕ್ಕೆ ಹೀಗಾಗಿರಬೇಕು" ಎಂದುಕೊಂಡು ಮಲಗಿ ಎದ್ದು ನೋಡೋಣ ಎನ್ನುವವರೇ ಇಲ್ಲಿ ದೃಷ್ಟಿ ಕಳೆದುಕೊಳ್ಳುವುದು.

ಉಳಿದವರು ಒಂದು ಅಳತೆ ಟೇಪು, ಒಂದು ಬಿಳಿ ಹಾಳೆ, ಒಂದು ಶುದ್ಧ ಸಣ್ಣ ಟವೆಲು ತಂದಿಟ್ಟುಕೊಳ್ಳಿ. ಸದ್ಯಕ್ಕೆ ಅಷ್ಟು ಸಾಕು.

ಹಂತ 1: ನಿಮ್ಮದು ಯಾವ ಬಗೆ ಎಂದು ಗುರುತಿಸಿ

ಕಂಪ್ಯೂಟರ್ ಕಣ್ಣುನೋವಿಗೆ ಮುಖ್ಯವಾಗಿ ಎರಡು ಬೇರುಗಳು: ಕಣ್ಣು ಒಣಗುವುದು, ಮತ್ತು ಹತ್ತಿರದ ವಸ್ತುವಿನ ಮೇಲೆ ನೋಟ ಹಿಡಿದಿಡುವ ಸ್ನಾಯು ದಣಿಯುವುದು. ಎರಡಕ್ಕೂ ಪರಿಹಾರ ಬೇರೆ. ಹಾಗಾಗಿ ಈ ಹಂತ ಹಾರಿಸಬೇಡಿ.

ಮುಂದಿನ ಸಲ ಅಕ್ಷರ ಮಂಜಾದಾಗ ಎರಡು ಸಲ ಪೂರ್ತಿ ಕಣ್ಣು ಮಿಟುಕಿಸಿ. ತಕ್ಷಣ ಸ್ಪಷ್ಟವಾಯಿತೇ? ಹಾಗಿದ್ದರೆ ತೊಂದರೆ ಕಣ್ಣೀರಿನ ಪದರದ್ದು, ಅಂದರೆ ಒಣಗಣ್ಣು. ಮಿಟುಕಿಸಿದರೂ ಹಾಗೇ ಇದ್ದು, ಪರದೆಯಿಂದ ತಲೆಯೆತ್ತಿ ದೂರ ನೋಡಿದಾಗ ಕೆಲವು ಕ್ಷಣ ಮಂಜಾಗಿದ್ದು ಆಮೇಲೆ ತಿಳಿಯಾದರೆ ನೋಟದ ಸ್ನಾಯುವಿನ ದಣಿವು. ಸೀಲಿಯರಿ ಸ್ನಾಯು ಎಂಬ ಈ ಪುಟ್ಟ ಸ್ನಾಯು ಕಣ್ಣಿನೊಳಗಿನ ಮಸೂರವನ್ನು ಹತ್ತಿರಕ್ಕೆ ಹೊಂದಿಸುತ್ತದೆ. ಗಂಟೆಗಟ್ಟಲೆ ಬಿಗಿದೇ ಇದ್ದರೆ ಸಡಿಲಾಗಲು ಹೊತ್ತು ಹಿಡಿಯುತ್ತದೆ. ಒಂದು ಕಣ್ಣು ಮುಚ್ಚಿಕೊಂಡರೆ ಓದುವುದು ಆರಾಮ ಅನಿಸಿದರೆ ಎರಡೂ ಕಣ್ಣು ಜೊತೆಯಾಗಿ ಕೆಲಸ ಮಾಡುವುದರಲ್ಲಿ ತೊಡಕಿದೆ ಎಂದರ್ಥ. ಅದಕ್ಕೆ ಮನೆಮದ್ದಿಲ್ಲ, ಪರೀಕ್ಷೆಯೇ ಬೇಕು.

ಇಲ್ಲಿ ಬಹಳ ಜನ ಎಡವುವ ಜಾಗ: "ನನ್ನ ಕಣ್ಣಲ್ಲಿ ನೀರು ಸುರಿಯುತ್ತೆ, ಒಣಗಣ್ಣು ಹೇಗಾದೀತು?" ಆಗುತ್ತದೆ. ಮೇಲ್ಮೈ ಒಣಗಿ ಚುಚ್ಚಿದಾಗ ಕಣ್ಣು ಗಾಬರಿಯಿಂದ ನೀರು ಸುರಿಸುತ್ತದೆ. ಆ ನೀರಿನಲ್ಲಿ ಎಣ್ಣೆ, ಲೋಳೆ ಅಂಶಗಳ ಹದವಿರುವುದಿಲ್ಲ, ಆದ್ದರಿಂದ ಅದು ಕಣ್ಣ ಮೇಲೆ ನಿಲ್ಲದೆ ಕೆನ್ನೆಗೆ ಹರಿದು ಹೋಗುತ್ತದೆ.

ಹೊತ್ತನ್ನೂ ಗಮನಿಸಿ. ಬೆಳಗ್ಗೆ ಚೆನ್ನಾಗಿದ್ದು ಸಂಜೆಗೆ ಹೆಚ್ಚಾದರೆ ಕೆಲಸದ ಪರಿಣಾಮ. ಎದ್ದ ಕೂಡಲೇ ಉರಿಯಿದ್ದು, ರೆಪ್ಪೆಯಂಚಿನಲ್ಲಿ ಹೊಟ್ಟಿನಂಥ ಪುಡಿ ಕಂಡರೆ ರೆಪ್ಪೆಯ ಉರಿಯೂತ ಇರಬಹುದು. ಫ್ಯಾನಿನ ನೇರ ಗಾಳಿಗೆ ಮಲಗುವವರಿಗೂ ಬೆಳಗಿನ ಉರಿ ಸಾಮಾನ್ಯ.

ಹಂತ 2: ಟೇಪು ಹಿಡಿದು ಪರದೆಯ ದೂರ, ಎತ್ತರ ಅಳೆಯಿರಿ

ನೀವು ಎಂದಿನಂತೆ ಕೂತಿರಿ, ಮನೆಯವರು ಯಾರಾದರೂ ನಿಮ್ಮ ಕಣ್ಣಿನಿಂದ ಪರದೆಗೆ ಅಳೆಯಲಿ. 50ರಿಂದ 70 ಸೆಂಟಿಮೀಟರ್ ಇರಬೇಕು, ಸುಮಾರು ಒಂದು ತೋಳಿನ ದೂರ. ದೊಡ್ಡ ಮಾನಿಟರ್ ಆದರೆ ಇನ್ನೂ ಸ್ವಲ್ಪ ಹಿಂದಕ್ಕೆ. ಲ್ಯಾಪ್‌ಟಾಪ್ ಬಳಸುವವರು ಅಳೆದಾಗ 40ಕ್ಕೂ ಕಡಿಮೆ ಬಂದರೆ ಆಶ್ಚರ್ಯಪಡಬೇಡಿ, ಅದೇ ತೊಂದರೆಯ ಅರ್ಧ ಭಾಗ. ಹತ್ತಿರವಾದಷ್ಟೂ ಸ್ನಾಯು ಹೆಚ್ಚು ಬಿಗಿಯಬೇಕು, ಎರಡೂ ಕಣ್ಣು ಹೆಚ್ಚು ಒಳಕ್ಕೆ ತಿರುಗಬೇಕು.

ಎತ್ತರದ ಲೆಕ್ಕ: ಪರದೆಯ ಮೇಲಂಚು ನಿಮ್ಮ ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗಿರಲಿ. ಪರದೆಯ ನಡುಭಾಗ ನೋಡುವಾಗ ನೋಟ 15ರಿಂದ 20 ಡಿಗ್ರಿ ಕೆಳಕ್ಕೆ ಇಳಿಯಬೇಕು. ಕುತ್ತಿಗೆಯ ಬಗ್ಗೆ ಬರೆಯುವವರೆಲ್ಲ "ಲ್ಯಾಪ್‌ಟಾಪ್ ಎತ್ತರಿಸಿ" ಎನ್ನುತ್ತಾರೆ. ಅದನ್ನು ಕೇಳಿ ಹಳೇ ಡಿಕ್ಷನರಿ, ಮದುವೆ ಆಲ್ಬಂ ಎಲ್ಲ ಕೆಳಗೆ ಪೇರಿಸಿ ಪರದೆಯನ್ನು ಹಣೆಯ ಮಟ್ಟಕ್ಕೆ ಏರಿಸಿದವರಿದ್ದಾರೆ. ಮೇಲಕ್ಕೆ ನೋಡಿದಾಗ ರೆಪ್ಪೆ ಅಗಲವಾಗಿ ತೆರೆದುಕೊಂಡು ಕಣ್ಣೀರು ಬೇಗ ಆವಿಯಾಗುತ್ತದೆ. ಕೆಳಕ್ಕೆ ನೋಡಿದಾಗ ರೆಪ್ಪೆಯೇ ಅರ್ಧ ಕಣ್ಣನ್ನು ಕಾಯುತ್ತದೆ. ಎತ್ತರಿಸುವುದಿದ್ದರೆ ಮೇಲಂಚಿನ ಲೆಕ್ಕಕ್ಕೆ ನಿಲ್ಲಿಸಿ, ಜೊತೆಗೆ ಬೇರೆ ಕೀಬೋರ್ಡ್ ಇಟ್ಟುಕೊಳ್ಳಿ. ಅದಿಲ್ಲದೆ ಎತ್ತರಿಸಿದರೆ ಭುಜ ಹಿಡಿಯುತ್ತದೆ. ಇಡೀ ಲೇಖನದಲ್ಲಿ ನಾನು ಕಣ್ಣುಮುಚ್ಚಿ ಖರೀದಿಸಿ ಎನ್ನುವ ವಸ್ತು ಈ ಕೀಬೋರ್ಡ್ ಒಂದೇ.

ಕಾಗದ ನೋಡಿ ಟೈಪ್ ಮಾಡುವವರು ಕಾಗದವನ್ನು ಮೇಜಿನ ಮೇಲೆ ಮಲಗಿಸದೆ, ಪರದೆಯ ಪಕ್ಕದಲ್ಲಿ ಅಷ್ಟೇ ದೂರಕ್ಕೆ ನಿಲ್ಲಿಸಿ. ಇಲ್ಲದಿದ್ದರೆ ಸಾಲಿಗೊಮ್ಮೆ ಕಣ್ಣು ದೂರ ಬದಲಿಸಿಕೊಳ್ಳಬೇಕಾಗುತ್ತದೆ.

ಹಂತ 3: ಬೆಳಕು ಮತ್ತು ಗಾಳಿ

ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಇರಲಿ. ಬೆನ್ನ ಹಿಂದಿದ್ದರೆ ಪರದೆಯಲ್ಲಿ ಪ್ರತಿಫಲನ, ಎದುರಿಗಿದ್ದರೆ ಕಣ್ಣಿಗೆ ನೇರ ಹೊಡೆತ. ಪರದೆ ಆರಿಸಿ ಕಪ್ಪು ಗಾಜಿನಲ್ಲಿ ನೋಡಿ: ಟ್ಯೂಬ್‌ಲೈಟೋ ನಿಮ್ಮ ಬಿಳಿ ಅಂಗಿಯೋ ಎದ್ದು ಕಂಡರೆ, ಅಷ್ಟನ್ನೂ ನೀವು ದಿನವಿಡೀ ಅಕ್ಷರದ ಜೊತೆ ನೋಡುತ್ತಿದ್ದೀರಿ.

ಬ್ರೈಟ್‌ನೆಸ್‌ಗೆ ಬಿಳಿ ಹಾಳೆ ಬಳಸಿ. ಖಾಲಿ ಡಾಕ್ಯುಮೆಂಟ್ ತೆರೆದು ಹಾಳೆಯನ್ನು ಪರದೆಯ ಪಕ್ಕ ಹಿಡಿಯಿರಿ. ಪರದೆ ದೀಪದಂತೆ ಹೊಳೆದರೆ ಕಡಿಮೆ ಮಾಡಿ, ಬೂದಿಯಂತೆ ಮಂಕಾಗಿದ್ದರೆ ಹೆಚ್ಚಿಸಿ. ಹಗಲಿಗೊಂದು, ರಾತ್ರಿಗೊಂದು ಸಲ ಹೊಂದಿಸಬೇಕು. ದೀಪವಾರಿಸಿ ಕತ್ತಲಲ್ಲಿ ಕೆಲಸ ಮಾಡಬೇಡಿ. ಡಾರ್ಕ್ ಮೋಡ್ ಹಿಡಿಸಿದವರು ಬಳಸಲಿ, ಆದರೆ ಅಡ್ಡ ನಂಬರ್ ಅಂದರೆ ಸಿಲಿಂಡ್ರಿಕಲ್ ಪವರ್ ಇರುವ ಹಲವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರ ಒಡೆದು ಹರಡಿದಂತೆ ಕಾಣುತ್ತದೆ. ಅಂಥವರಿಗೆ ಬಿಳಿ ಹಿನ್ನೆಲೆಯೇ ಹಿತ.

ಏಸಿಯ ಗಾಳಿ ನೇರ ಮುಖಕ್ಕೆ ಬೀಳುತ್ತಿದ್ದರೆ ಕುರ್ಚಿ ಸರಿಸಿ, ಇಲ್ಲವೇ ಗಾಳಿಯ ದಿಕ್ಕು ತಿರುಗಿಸಲು ಕೇಳಿ. ಆಫೀಸಿನಿಂದ ಬೈಕಿನಲ್ಲಿ ಹೆಲ್ಮೆಟ್ಟಿನ ಗಾಜು ಮೇಲೆತ್ತಿಕೊಂಡು ಮನೆಗೆ ಹೋಗುವವರು ಮೊದಲೇ ಒಣಗಿದ ಕಣ್ಣಿಗೆ ದೂಳು, ಗಾಳಿ ಎರಡನ್ನೂ ಬಡಿಸುತ್ತಿರುತ್ತಾರೆ. ಆಮೇಲೆ ರಾತ್ರಿಯ ಉರಿಗೆ ಪಾಪ ಕಂಪ್ಯೂಟರಿಗೆ ಬೈಗುಳ.

ಹಂತ 4: ಅಕ್ಷರ ದೊಡ್ಡದು ಮಾಡಿ, ಕನ್ನಡಕ್ಕೆ ಇನ್ನೂ ದೊಡ್ಡದು

ಪರದೆಯಲ್ಲಿ ಈಗಿನ ಗಾತ್ರದ ಒಂದು ಪ್ಯಾರಾ ತೆರೆದಿಟ್ಟು, ನೀವು ಕೂರುವ ದೂರದ ಮೂರು ಪಟ್ಟು ಹಿಂದೆ ಹೋಗಿ ನಿಲ್ಲಿ. 60 ಸೆಂಟಿಮೀಟರಿನಲ್ಲಿ ಕೂರುವವರು 180ಕ್ಕೆ. ಅಲ್ಲಿಂದ ಕಷ್ಟಪಟ್ಟಾದರೂ ಓದಲಾಗಬೇಕು. ಆಗದಿದ್ದರೆ ಅಕ್ಷರ ಸಣ್ಣದಾಯಿತು. ಓದಲು ಸಾಧ್ಯವಾಗುವ ಗಾತ್ರ ಬೇರೆ, ಎಂಟು ಗಂಟೆ ಆರಾಮವಾಗಿ ಓದುವ ಗಾತ್ರ ಬೇರೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ಹೆಚ್ಚಿನ ಪೆಟ್ಟಿದೆ. ಇಂಗ್ಲಿಷಿನ ಗಾತ್ರ 11ರಲ್ಲಿ ನೆಮ್ಮದಿಯಾಗಿ ಓದುವವರೂ ಅದೇ ಗಾತ್ರದ ಕನ್ನಡದಲ್ಲಿ ತಡವರಿಸುತ್ತಾರೆ. ನಮ್ಮ ಒತ್ತಕ್ಷರಗಳು ಮೂಲ ಅಕ್ಷರದ ಕೆಳಗೆ, ಅದಕ್ಕಿಂತ ಚಿಕ್ಕದಾಗಿ ಕೂರುತ್ತವೆ. "ರಾಷ್ಟ್ರೀಯ" ಎಂದು ಟೈಪ್ ಮಾಡಿ ಷಕಾರದ ಕೆಳಗಿನ ಟ ಒತ್ತು, ಅದರ ಪಕ್ಕದ ರ ಒತ್ತು ಬೇರೆ ಬೇರೆಯಾಗಿ ಕಾಣುತ್ತವೆಯೇ ನೋಡಿ. ಪಕ್ಕದಲ್ಲೇ "ವ", "ಪ", "ಷ" ಬರೆದು ಸೀಳು ಗೊತ್ತಾಗುತ್ತದೆಯೇ ನೋಡಿ. ಊಹಿಸಿ ಓದುತ್ತಿದ್ದೀರಿ ಅನಿಸಿದರೆ ದೊಡ್ಡದು ಮಾಡಿ. ಕಂಟ್ರೋಲ್ ಕೀ ಒತ್ತಿ ಹಿಡಿದು ಪ್ಲಸ್ ಒತ್ತಿದರೆ ಬ್ರೌಸರ್ ಅಕ್ಷರ ಹಿಗ್ಗುತ್ತದೆ. ಡಾಕ್ಯುಮೆಂಟಿನಲ್ಲಿ ಫಾಂಟ್ ಗಾತ್ರ ಬದಲಿಸದೆ ಝೂಮ್ ಮಾತ್ರ 130–150 ಇಟ್ಟುಕೊಳ್ಳಿ, ಮುದ್ರಣ ಕೆಡುವುದಿಲ್ಲ. ಕರಡು ತಿದ್ದುವವರಂತೂ 150ಕ್ಕಿಂತ ಕೆಳಗೆ ಇಳಿಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 5: ಮಿಟುಕಿಸಿ, ಎದ್ದೇಳಿ

ಸುಮ್ಮನೆ ಮಾತಾಡುತ್ತ ಕೂತವರು ನಿಮಿಷಕ್ಕೆ ಸುಮಾರು 15ರಿಂದ 20 ಸಲ ಕಣ್ಣು ಮಿಟುಕಿಸುತ್ತಾರೆ. ಪರದೆಯ ಮುಂದೆ ಅದು ಅರ್ಧಕ್ಕೆ, ಎಷ್ಟೋ ಸಲ ಮೂರನೇ ಒಂದಕ್ಕೆ ಇಳಿಯುತ್ತದೆ. ಅದಕ್ಕಿಂತ ಮೋಸದ್ದು ಅರೆಮಿಟುಕು. ಮೇಲಿನ ರೆಪ್ಪೆ ಅರ್ಧ ಇಳಿದು ವಾಪಸ್ ಹೋಗುತ್ತದೆ, ಕಣ್ಣಿನ ಕೆಳಭಾಗ ಒಣಗಿಯೇ ಉಳಿಯುತ್ತದೆ. ನಿಮ್ಮದು ಹೇಗಿದೆ ಎಂದು ತಿಳಿಯಲು ಫೋನನ್ನು ಮಾನಿಟರಿಗೆ ಒರಗಿಸಿ ಕೆಲಸ ಮಾಡುವಾಗಿನ ಎರಡು ನಿಮಿಷದ ವಿಡಿಯೋ ತೆಗೆದು ನೋಡಿ. ಮೊದಲ ನಿಮಿಷ ಬಿಟ್ಟುಬಿಡಿ, ಕ್ಯಾಮೆರಾ ಇದೆಯೆಂಬ ಅರಿವಿನಲ್ಲಿ ಎಲ್ಲರೂ ಚೆನ್ನಾಗಿ ಮಿಟುಕಿಸುತ್ತಾರೆ.

ಅಭ್ಯಾಸ ಹೀಗೆ: ಕಣ್ಣು ಮೆಲ್ಲಗೆ ಮುಚ್ಚಿ, ಎರಡು ಎಣಿಸಿ, ತೆರೆಯಿರಿ. ಮತ್ತೆ ಮುಚ್ಚಿ, ಈ ಸಲ ರೆಪ್ಪೆಗಳನ್ನು ಹಗುರವಾಗಿ ಒತ್ತಿ, ತೆರೆಯಿರಿ. ಹೀಗೆ ಐದಾರು ಸಲ. ಹಣೆ ಸುಕ್ಕಾಗುವಷ್ಟು ಬಿಗಿಯುವುದು ಬೇಡ. ಇಮೇಲ್ ಕಳಿಸಿದಾಗಲೆಲ್ಲ, ಫೈಲ್ ಸೇವ್ ಮಾಡಿದಾಗಲೆಲ್ಲ ಎಂದು ಯಾವುದಾದರೂ ಕೆಲಸಕ್ಕೆ ಗಂಟು ಹಾಕಿಕೊಂಡರೆ ಮರೆಯುವುದಿಲ್ಲ.

ಇನ್ನು 20-20-20 ಸೂತ್ರ. ಕ್ಯಾಲಿಫೋರ್ನಿಯಾದ ಆಪ್ಟೊಮೆಟ್ರಿಸ್ಟ್ (ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಕೊಡುವ ತಜ್ಞ) ಜೆಫ್ ಆನ್ಶೆಲ್ 1990ರ ದಶಕದಲ್ಲಿ ಜನರಿಗೆ ನೆನಪಿರಲೆಂದು ಕಟ್ಟಿದ ಸೂತ್ರ ಇದು: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡುವುದು. 20 ಎಂಬ ಅಂಕಿಗೆ ಮಂತ್ರಶಕ್ತಿಯೇನೂ ಇಲ್ಲ, ಸ್ನಾಯು ಸಡಿಲಾಗಬೇಕು ಅಷ್ಟೇ. ಆದರೆ ಮನೆಯಿಂದ ಕೆಲಸ ಮಾಡುವವರು ಗೋಡೆ ನೋಡಿ ಸೂತ್ರ ಪಾಲಿಸಿದೆವು ಎಂದುಕೊಳ್ಳುತ್ತಾರೆ. ಹತ್ತಕ್ಕೆ ಹತ್ತರ ಕೋಣೆಯ ಮೂಲೆಯಿಂದ ಮೂಲೆಗೂ ಬರೀ 14 ಅಡಿ. ಕಿಟಕಿಯಾಚೆಯ ತೆಂಗಿನ ಗರಿಯನ್ನೋ ಎದುರು ಮನೆ ತಾರಸಿಯ ನೀರಿನ ಟ್ಯಾಂಕನ್ನೋ ನೋಡಿ. ಬಿಡುವಿನಲ್ಲಿ ಮೊಬೈಲ್ ತೆಗೆದರೆ ಅದು ಬಿಡುವೇ ಅಲ್ಲ, 60 ಸೆಂಟಿಮೀಟರಿನಿಂದ 30ಕ್ಕೆ ಬಂದಿರಿ. ಎರಡು ಗಂಟೆಗೊಮ್ಮೆಯಾದರೂ ಹತ್ತು ನಿಮಿಷ ಕುರ್ಚಿ ಬಿಡಿ.

ಹಂತ 6: ಬಿಸಿ ಶಾಖ

ಮೊದಲ ಐದು ಹಂತಗಳನ್ನು ಎರಡು ವಾರ ಪಾಲಿಸಿಯೂ ಉರಿ ಉಳಿದಿದ್ದರೆ ರೆಪ್ಪೆಯ ಕಡೆ ಬನ್ನಿ. ರೆಪ್ಪೆಯಂಚಿನಲ್ಲಿ ಮೈಬೋಮಿಯನ್ ಗ್ರಂಥಿಗಳು ಸಾಲಾಗಿ ನಿಂತಿವೆ. ಇವು ಸುರಿಸುವ ತೆಳು ಎಣ್ಣೆ ಕಣ್ಣೀರಿನ ಮೇಲೆ ಹರಡಿ ಆವಿಯಾಗದಂತೆ ತಡೆಯುತ್ತದೆ. ಪೂರ್ತಿ ಮಿಟುಕಿಸದಿದ್ದರೆ ಎಣ್ಣೆ ಹೊರಬರದೆ ಚಳಿಗಾಲದ ಕೊಬ್ಬರಿ ಎಣ್ಣೆಯಂತೆ ಒಳಗೇ ಹೆಪ್ಪುಗಟ್ಟುತ್ತದೆ. ಕರಗಿಸಲು ಶಾಖ ಬೇಕು.

ಟವೆಲನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ. ಮುಂಗೈ ಒಳಭಾಗಕ್ಕೆ ಇಟ್ಟು ನೋಡಿ ಹಿತವಾಗಿದ್ದರೆ ಮುಚ್ಚಿದ ಕಣ್ಣಿನ ಮೇಲಿಡಿ. ಎರಡು ನಿಮಿಷಕ್ಕೆ ಆರುತ್ತದೆ, ಮತ್ತೆ ಅದ್ದಿ. ಒಟ್ಟು ಐದರಿಂದ ಹತ್ತು ನಿಮಿಷ. ಆಮೇಲೆ ಶುದ್ಧ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ, ರೆಪ್ಪೆಗೂದಲ ಕಡೆಗೆ ಹಗುರವಾಗಿ ನೀವಿ. ಒಂದೇ ದಿನದ ಶಾಖಕ್ಕೆ ಫಲ ಕಾಣದು, ಕೆಲವು ವಾರ ಬೇಕು. ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಇದನ್ನು ಮಾಡಕೂಡದು. ರೆಪ್ಪೆಯ ಒಳಅಂಚಿಗೆ ಕಾಡಿಗೆ ತೀಡುವುದನ್ನು ಬಿಡಿ, ಅದು ಕೂರುವುದು ಸರಿಯಾಗಿ ಈ ಗ್ರಂಥಿಗಳ ಬಾಯಿಯ ಮೇಲೆ.

ಇದೇ ಮಾತಿಗೆ ಸೇರಿಸಿ ಹೇಳಿಬಿಡುತ್ತೇನೆ: ಹರಳೆಣ್ಣೆ, ಜೇನುತುಪ್ಪ, ನಂದಿಬಟ್ಟಲು ಹೂವಿನ ರಸ, ಎದೆಹಾಲು ಯಾವುದನ್ನೂ ಕಣ್ಣೊಳಗೆ ಹಾಕಬೇಡಿ. ಅಜ್ಜಿ ಹಾಕುತ್ತಿದ್ದರು ನಿಜ. ಆದರೆ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ಶುದ್ಧೀಕರಿಸದ ಪದಾರ್ಥದಿಂದ ಸೋಂಕು ತಗಲಿದರೆ ಕಲೆ ಉಳಿದು ದೃಷ್ಟಿಯೇ ಹೋಗಬಹುದು. ಸೌತೆಕಾಯಿ ಬಿಲ್ಲೆ ಮುಚ್ಚಿದ ರೆಪ್ಪೆಯ ಮೇಲಿಟ್ಟುಕೊಳ್ಳಿ, ತಂಪಿಗೆ ತೊಂದರೆಯಿಲ್ಲ.

ಹಂತ 7: ಡ್ರಾಪ್ಸ್

ಕೃತಕ ಕಣ್ಣೀರು ಎಂದು ಕರೆಯುವ ತೇವದ ಹನಿಗಳು ಒಣಗಣ್ಣಿಗೆ ನೆರವಾಗುತ್ತವೆ. ಲೇಬಲ್ಲಿನಲ್ಲಿ ಹೆಚ್ಚಾಗಿ ಕಾಣುವ ಹೆಸರು ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ ಪದೇ ಪದೇ ಬಿದ್ದರೆ ಕಣ್ಣಿನ ಮೇಲ್ಮೈಯನ್ನೇ ಕೆರಳಿಸುತ್ತದೆ.

ಕೈ ತೊಳೆದು, ಕೆಳರೆಪ್ಪೆ ಎಳೆದು, ಬಾಟಲಿಯ ಮೂತಿ ಎಲ್ಲಿಗೂ ತಾಗದಂತೆ ಒಂದೇ ಹನಿ ಬಿಡಿ, ಒಂದು ನಿಮಿಷ ಕಣ್ಣು ಮುಚ್ಚಿರಿ. ಎರಡನೇ ಹನಿ ಕೆನ್ನೆಗೇ ಹೋಗುತ್ತದೆ, ದುಡ್ಡು ದಂಡ. ತೆರೆದ ಬಾಟಲಿಯ ಮೇಲೆ ದಿನಾಂಕ ಬರೆದಿಡಿ. ಲೇಬಲ್ಲಿನಲ್ಲಿ ಬೇರೆ ಅವಧಿ ಹೇಳಿರದಿದ್ದರೆ ತಿಂಗಳಾದ ಮೇಲೆ ಉಳಿದರೂ ಎಸೆಯಿರಿ.

ಈಗ ಅತಿ ಮುಖ್ಯ ಎಚ್ಚರಿಕೆ. ಔಷಧ ಅಂಗಡಿಯಲ್ಲಿ "ಕಣ್ಣು ಕೆಂಪಾಗಿದೆ, ಏನಾದ್ರೂ ಕೊಡಿ" ಎಂದರೆ ಕೆಲವೊಮ್ಮೆ ಸ್ಟೀರಾಯ್ಡ್ ಇರುವ ಹನಿ ಕೈಗೆ ಬರುತ್ತದೆ. ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂದು ಲೇಬಲ್ಲಿನಲ್ಲಿ ಇದ್ದರೆ ಚೀಟಿಯಿಲ್ಲದೆ ಮುಟ್ಟಬೇಡಿ. ಹಾಕಿದ ಮರುದಿನವೇ ಕಣ್ಣು ಬೆಳ್ಳಗಾಗುತ್ತದೆ, ಅದೇ ಬಲೆ. ಆರಾಮ ಸಿಕ್ಕಿತೆಂದು ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಸದ್ದಿಲ್ಲದೆ ಏರಿ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಬರಬಹುದು, ಪೊರೆಯೂ ಬೆಳೆಯಬಹುದು. ಕೆಂಪು ಮಾತ್ರ ತೆಗೆಯುವ ನಫಾಜೋಲಿನ್ ಹನಿಗಳದು ಇನ್ನೊಂದು ಕಥೆ: ಪದೇ ಪದೇ ಹಾಕಿ ನಿಲ್ಲಿಸಿದರೆ ಕೆಂಪು ಇನ್ನಷ್ಟು ಜೋರಾಗಿ ಮರಳಬಹುದು.

ಹಂತ 8: ಕನ್ನಡಕ

ಬ್ಲೂ ಕಟ್, ಅಂದರೆ ನೀಲಿ ಬೆಳಕು ತಡೆಯುತ್ತದೆಂದು ಮಾರುವ ಲೆನ್ಸ್ ಬಗ್ಗೆ ಮೊದಲು. ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ವೈದ್ಯಕೀಯ ಪರಾಮರ್ಶೆಯ ಬಳಗ 2023ರಲ್ಲಿ 17 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿತು. ಸಾಮಾನ್ಯ ಲೆನ್ಸಿಗೆ ಹೋಲಿಸಿದರೆ ಬ್ಲೂ ಕಟ್ ಲೆನ್ಸ್ ಅಲ್ಪಾವಧಿಯಲ್ಲಿ ಕಣ್ಣಿನ ಆಯಾಸವನ್ನು ಹೆಚ್ಚೇನೂ ತಗ್ಗಿಸಲಿಕ್ಕಿಲ್ಲ ಎಂಬುದು ಅದರ ತೀರ್ಮಾನ. ಅಮೆರಿಕದ ನೇತ್ರವೈದ್ಯರ ಅಕಾಡೆಮಿಯೂ ಇದನ್ನು ಶಿಫಾರಸು ಮಾಡುವುದಿಲ್ಲ. ಪರದೆಯ ನೀಲಿ ಬೆಳಕು ಬಿಸಿಲಿನ ಮುಂದೆ ಏನೂ ಅಲ್ಲ. ಅಂಗಡಿಯವರು ನೀಲಿ ಟಾರ್ಚ್ ಬಿಟ್ಟು ತೋರಿಸುವ ಆಟಕ್ಕೆ ಮರುಳಾಗಬೇಡಿ. ಪ್ರತಿಫಲನ ತಡೆಯುವ ಲೇಪನಕ್ಕೆ ಬೇಕಾದರೆ ಖರ್ಚು ಮಾಡಿ.

ನಿಜವಾದ ವಿಷಯ ನಂಬರಿನದ್ದು. ಸಾಮಾನ್ಯ ಪರೀಕ್ಷೆಯಲ್ಲಿ 6 ಮೀಟರ್ ದೂರದ ಬೋರ್ಡ್ ಓದಿಸುತ್ತಾರೆ, ಕೈಯಲ್ಲಿ ಹಿಡಿದ ಕಾರ್ಡ್ ಓದಿಸುತ್ತಾರೆ. ನಿಮ್ಮ ಮಾನಿಟರ್ ಇರುವುದು ಎರಡರ ನಡುವೆ! ನಲವತ್ತರ ಆಸುಪಾಸಿನಲ್ಲಿ ಮಸೂರದ ಮೃದುತ್ವ ಕಡಿಮೆಯಾಗಿ ಚಾಳೀಸು ಶುರುವಾದವರಿಗೆ ಈ ನಡುದೂರವೇ ತಪ್ಪಿಹೋಗುತ್ತದೆ. ದೂರ, ಹತ್ತಿರ ಎರಡಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಲೆನ್ಸಿನವರು ಗಲ್ಲ ಮೇಲೆತ್ತಿ ಲೆನ್ಸಿನ ಕೆಳಭಾಗದಿಂದ ಪರದೆ ನೋಡುತ್ತ ಕುತ್ತಿಗೆನೋವು ತಂದುಕೊಳ್ಳುತ್ತಾರೆ. ಪರದೆಯನ್ನು ಇನ್ನಷ್ಟು ಕೆಳಗಿಳಿಸಿ. ದಿನವಿಡೀ ಇದೇ ಕೆಲಸವಾದರೆ ಕಂಪ್ಯೂಟರ್ ದೂರಕ್ಕೇ ಮಾಡಿಸಿದ ಲೆನ್ಸ್ ಕೇಳಿ. ಆದರೆ ಅದನ್ನು ಹಾಕಿಕೊಂಡು ಗಾಡಿ ಓಡಿಸುವಂತಿಲ್ಲ.

ಪರೀಕ್ಷೆಗೆ ಹೋಗುವಾಗ ಹಂತ 2ರಲ್ಲಿ ಅಳೆದ ದೂರವನ್ನು ಬರೆದುಕೊಂಡು ಹೋಗಿ. ಹಳೇ ಕನ್ನಡಕ, ನುಂಗುವ ಮಾತ್ರೆಗಳ ಪಟ್ಟಿ ಜೊತೆಗಿರಲಿ: ನೆಗಡಿಯ ಸೆಟ್ರಿಜಿನ್, ಮೊಡವೆಯ ಐಸೊಟ್ರೆಟಿನಾಯಿನ್, ಖಿನ್ನತೆಯ ಕೆಲವು ಮಾತ್ರೆಗಳು ಕಣ್ಣು ಒಣಗಿಸುತ್ತವೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಸಂಧಿವಾತ ಇದ್ದರೆ, ಕಣ್ಣಿನ ಜೊತೆ ಬಾಯಿಯೂ ಒಣಗುತ್ತಿದ್ದರೆ ಕೇಳದಿದ್ದರೂ ಹೇಳಿ. ಕಂಪ್ಯೂಟರ್ ಯಂತ್ರ ಕೊಟ್ಟ ನಂಬರನ್ನೇ ಚೀಟಿಗೆ ಇಳಿಸುವ ಅಂಗಡಿ ಬೇಡ, ಯಂತ್ರದ ಅಂಕಿ ಬರೀ ಆರಂಭ. ಲೆನ್ಸ್ ಬದಲಿಸುತ್ತ "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ" ಎಂದು ಕೇಳಿ ನಿರ್ಧರಿಸುವವರ ಬಳಿ ಹೋಗಿ. ಖರ್ಚಿನ ಚಿಂತೆಯಿದ್ದರೆ ಜಿಲ್ಲಾಸ್ಪತ್ರೆಯ ಕಣ್ಣಿನ ವಿಭಾಗವಿದೆ, ಬೆಂಗಳೂರಿನವರಿಗೆ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆಯಿದೆ. ಬೆಳಗ್ಗೆ ಬೇಗ ಹೋಗಿ. ಕಣ್ಣಿನ ಹಿಂಭಾಗದ ಪದರ ರೆಟಿನಾ ನೋಡಲು ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಹತ್ತಿರದ್ದು ಮಂಜಾಗಿರುತ್ತದೆ, ಆ ದಿನ ಗಾಡಿ ತರಬೇಡಿ, ಆಫೀಸಿಗೆ ರಜೆ ಹಾಕಿ.

ಹೊಸ ಕನ್ನಡಕ ಬಂದ ಮೇಲೆ ನೆಲ ಏರಿಳಿದಂತೆ ಕಾಣುವುದು, ಸಣ್ಣ ತಲೆನೋವು ಒಂದೆರಡು ವಾರ ಇರಬಹುದು. ಅದಕ್ಕೂ ಮೀರಿ ಹೊಂದದಿದ್ದರೆ ಸಹಿಸಿಕೊಂಡು ಕೂರಬೇಡಿ. ಅಂಗಡಿಗೆ ಮರಳಿ ಒಯ್ದು, ಲೆನ್ಸಿನ ನಡುಬಿಂದು ನಿಮ್ಮ ಪಾಪೆಯ ನೇರಕ್ಕೆ ಕೂತಿದೆಯೇ, ಚೀಟಿಯ ನಂಬರೇ ಲೆನ್ಸಿನಲ್ಲಿದೆಯೇ ಎಂದು ಎದುರಿಗೇ ಅಳೆಸಿ ನೋಡಿ.